ಹಾಲಿ, ಕಲ್ದಾರ್ ಮತ್ತು ಬಾರದ ಬಾಕಿ

ಲೆಕ್ಕಶಾಸ್ತ್ರವನ್ನು ಓದುವ ವಿದ್ಯಾರ್ಥಿಗಳಿಗೆ ಕಂಪನಿಯ ಕಾನೂನು, ದೇಶಾಂತರ ವ್ಯಾಪಾರದ ಕಾನೂನು ಏಕೆ ಬೇಕು ಎಂಬ ವಿಷಯವಾಗಿ ಕನ್ನಡದ ಮೇಷ್ಟರೊಬ್ಬ ಮಾತನಾಡಲು ಹೊರಟದ್ದು ಕೇಳುಗರಿಗೆ ವಿಚಿತ್ರವಾಗಿ ತೋರಬಹುದು. ನಾನು ವಕೀಲನಲ್ಲ, ಲೆಕ್ಕಪರಿಶೋಧಕನೂ ಅಲ್ಲ. ಆದರೆ ವೃತ್ತಿಯ ಉದ್ದಕ್ಕೂ ಬಿ.ಎ. ತರಗತಿಗಳ ಜೊತೆಗೆ ಬಿ.ಕಾಂ. ತರಗತಿಗಳಿಗೂ ಪಾಠ ಹೇಳಿದವನು. ವಾಣಿಜ್ಯದ ಹುಡುಗರು ಪಂಪನನ್ನು ಸಹಿಸಿಕೊಂಡು ಕುಳಿತಂತೆ ಅವರ ಪ್ರಶ್ನೆಗಳನ್ನು ನಾನೂ ಸಹಿಸಿಕೊಂಡಿದ್ದೇನೆ. ಒಂದು ದಿನ ಪಾಠ ಮುಗಿದ ಮೇಲೆ ಒಬ್ಬ ಹುಡುಗ ಅಢಾವೆ ಪತ್ರಿಕೆಯ ಲೆಕ್ಕವೊಂದನ್ನು ಕೈಯಲ್ಲಿ ಹಿಡಿದುಕೊಂಡು ಬಂದು ಕೇಳಿದ: “ಸರ, ಬರಬೇಕಾದ ಬಾಕಿ ಅಂತ ಆಸ್ತಿ ಕಡೆ ಬರೀತೇವಲ್ಲ, ಅದು ಬರಲಿಲ್ಲ ಅಂದ್ರ ಅದು ಹೆಂಗ ಆಸ್ತಿ ಆಗ್ತದ?”

ನಿಮ್ಮ ವಾಣಿಜ್ಯದ ಗುರುಗಳನ್ನು ಕೇಳಪ್ಪ ಎಂದು ಆ ಹೊತ್ತಿಗೆ ನುಣುಚಿಕೊಂಡೆ. ಆದರೆ ಮನೆಗೆ ಬಂದ ಮೇಲೆ ನೆನಪಾದದ್ದು ಹನುಮಸಾಗರದಲ್ಲಿ ನನ್ನ ಅಜ್ಜ ಇಟ್ಟುಕೊಂಡಿದ್ದ ಕೆಂಪು ರಟ್ಟಿನ ಖಾತೆವಹಿ. ಅಜ್ಜನದು ಸಂತೆಯ ಹತ್ತಿರ ಒಂದು ಸಣ್ಣ ಕಾಳುಕಡಿಯ ಅಂಗಡಿ. ದಿವಾನಜಿಯನ್ನಿಡುವಷ್ಟು ವ್ಯಾಪಾರವಿರಲಿಲ್ಲವಾದ್ದರಿಂದ ಕಿರ್ದಿಯನ್ನೂ ಖಾತೆಯನ್ನೂ ತಾನೇ ಬರೆಯುತ್ತಿದ್ದ. ಆ ವಹಿಯಲ್ಲಿ 1347ನೆಯ ಫಸಲಿಯ, ಎಂದರೆ 1937-38ರ ಒಂದು ಪುಟವಿದೆ. ಇಳಕಲ್ಲಿನ ಒಂದು ಅಂಗಡಿಗೆ ಉದ್ರಿ ಕೊಟ್ಟ ಶೇಂಗಾದ ಬಾಬತ್ತು ಬರಬೇಕಾದದ್ದು ‘ಹಾಲಿ ರೂ. 215’. ಮುಂದಿನ ವರ್ಷದ ವಹಿಯಲ್ಲಿಯೂ ಅದೇ 215. ಅದರ ಮುಂದಿನ ವರ್ಷವೂ ಅದೇ. ದೀಪಾವಳಿಯ ಪಾಡ್ಯದಂದು ಹೊಸ ವಹಿಗೆ ಪೂಜೆ ಮಾಡಿ, ಮೊದಲ ಪುಟದಲ್ಲಿ ‘ಶ್ರೀ’ಕಾರ ಬರೆದು, ಹಳೆಯ ಬಾಕಿಗಳನ್ನು ಹೊಸದಕ್ಕೆ ಎತ್ತಿ ಬರೆಯುವಾಗ ಅಜ್ಜ ಆ 215ನ್ನು ಎಂದೂ ಬಿಟ್ಟವನಲ್ಲ.

ಆ ‘ಹಾಲಿ’ ಎಂಬ ಎರಡಕ್ಷರವನ್ನು ಇಂದಿನವರಿಗೆ ವಿವರಿಸಬೇಕು. ಹನುಮಸಾಗರ ಆಗ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ, ಅದರೊಳಗೆ ರಾಯಚೂರು ಜಿಲ್ಲೆಗೆ ಸೇರಿತ್ತು. ನೆರೆಯ ಇಳಕಲ್, ಹುನಗುಂದಗಳು ಮುಂಬಯಿ ಪ್ರಾಂತದ ಬಿಜಾಪುರ ಜಿಲ್ಲೆಗೆ ಸೇರಿದ್ದವು. ಎರಡೂ ಕಡೆ ಒಂದೇ ಕನ್ನಡ, ಒಂದೇ ರೊಟ್ಟಿ, ಒಂದೇ ಸೀರೆ. ಬೀಗತನಗಳೂ ನಡೆಯುತ್ತಿದ್ದವು. ಆದರೂ ನಡುವೆ ಒಂದು ಗಡಿ. ಗಡಿಯಲ್ಲಿ ಕರೋಡಗಿರಿಯ ನಾಕೆ. ಇತ್ತ ನಡೆಯುತ್ತಿದ್ದದ್ದು ನಿಜಾಮರ ಹಾಲಿ ಸಿಕ್ಕಾ ರೂಪಾಯಿ. ಅತ್ತ ಬ್ರಿಟಿಷರ ಕಲ್ದಾರ್ ರೂಪಾಯಿ. ಏಳು ಹಾಲಿಗೆ ಆರು ಕಲ್ದಾರ್ ಎಂಬುದು ಲೆಕ್ಕ. ಇತ್ತ ವರ್ಷ ಎಣಿಸುತ್ತಿದ್ದದ್ದು ಫಸಲಿಯಲ್ಲಿ, ಅತ್ತ ಇಸವಿಯಲ್ಲಿ. ಇತ್ತ ನ್ಯಾಯಾಲಯದ ಭಾಷೆ ಉರ್ದು; ಅತ್ತ ಬೇರೆ. ಇತ್ತ ಕಂಪನಿ ಸ್ಥಾಪಿಸಬೇಕಾದರೆ ಹೈದರಾಬಾದಿನ 1320ನೆಯ ಫಸಲಿಯ ಕಂಪನಿ ಕಾಯಿದೆ. ಅತ್ತ 1913ರ ಭಾರತೀಯ ಕಂಪನಿಗಳ ಕಾಯಿದೆ. ಎತ್ತಿನ ಗಾಡಿಯಲ್ಲಿ ಹೋಗಿಬರುವ ದೂರದಲ್ಲಿ ನಮ್ಮ ಹಿರಿಯರು ಅಂತರರಾಷ್ಟ್ರೀಯ ವ್ಯಾಪಾರವನ್ನೇ ಮಾಡುತ್ತಿದ್ದರು. ಅದಕ್ಕೆ ಆ ದೊಡ್ಡ ಹೆಸರಿದೆಯೆಂದು ಅವರಿಗೆ ತಿಳಿದಿರಲಿಲ್ಲ, ಅಷ್ಟೆ.

ಬರಿಯ ‘215 ರೂಪಾಯಿ’ ಎಂದು ಬರೆದಿದ್ದರೆ ಏನಾಗುತ್ತಿತ್ತು? ಕೊಟ್ಟವನು ಕಲ್ದಾರ್ ಎನ್ನುತ್ತಿದ್ದ, ಕೊಂಡವನು ಹಾಲಿ ಎನ್ನುತ್ತಿದ್ದ. ನಡುವೆ ಮೂವತ್ತು ಕಲ್ದಾರ್ ರೂಪಾಯಿಗಳ ಜಗಳ. ಕರಾರಿನ ಕಾನೂನು ಮೊದಲು ಕೇಳುವುದು ಇಬ್ಬರ ಮನಸ್ಸೂ ಒಂದೇ ವಸ್ತುವಿನ ಮೇಲೆ ಒಂದೇ ಅರ್ಥದಲ್ಲಿ ಕೂಡಿತೇ ಎಂದು. ಅಜ್ಜ ಕರಾರಿನ ಕಾಯಿದೆಯನ್ನು ಓದಿದವನಲ್ಲ. ಆದರೂ ‘ಹಾಲಿ’ ಎಂದು ಬರೆದು ಆ ಜಗಳವನ್ನು ಮುಂಚೆಯೇ ಕಟ್ಟಿಹಾಕಿದ್ದ.

ಆತನಿಗೆ ತಿಳಿಯದೆ ಹೋದದ್ದು ಮುಂದಿನ ಹೆಜ್ಜೆ. ಕೊಂಡವನು ಇಂದು ಕೊಡುತ್ತೇನೆ, ನಾಳೆ ಕೊಡುತ್ತೇನೆ ಎಂದು ಮೂರು ವರ್ಷ ಕಳೆದ. ಆಮೇಲೆ ಅಜ್ಜ ರಾಯಚೂರಿನ ಒಬ್ಬ ವಕೀಲರ ಮನೆಯ ಕಟ್ಟೆ ಹತ್ತಿದ. ವಕೀಲರು ವಹಿಯನ್ನು ತಿರುವಿ ನೋಡಿ ಹೇಳಿದ ಮಾತನ್ನು ಆತ ಮುಪ್ಪಿನಲ್ಲಿಯೂ ನಮ್ಮ ಮುಂದೆ ಹೇಳುತ್ತಿದ್ದ: “ಶೆಟ್ಟರ, ಇಲ್ಲಿ ದಾವಾ ಹಾಕಿದರ ಡಿಕ್ರಿ ಸಿಕ್ಕೀತು. ಆದರ ಆ ಡಿಕ್ರಿ ಗಡಿ ದಾಟಿತು ಅಂದರ ಬರೇ ಹಾಳಿ. ಅಲ್ಲಿ ಹೋಗಿ ಹಾಕಬೇಕಿತ್ತು. ಅಲ್ಲಿ ಮುದ್ದತು ಮುಗದದ.”

ವಕೀಲರ ಈ ಮಾತಿನ ಹಿಂದೆ ಒಂದು ಪ್ರಸಿದ್ಧ ಮೊಕದ್ದಮೆಯ ನೆರಳಿದೆ. ಅದು ಒಬ್ಬ ಖಜಾಂಚಿಯ ಕಥೆಯಾದ್ದರಿಂದ ಲೆಕ್ಕಶಾಸ್ತ್ರದವರು ಅವಶ್ಯ ಕೇಳಬೇಕು. ಪಂಜಾಬಿನ ಫರೀದಕೋಟೆಯ ರಾಜನಲ್ಲಿ ಸರದಾರ ಗುರುದಯಾಳ ಸಿಂಗ್ ಎಂಬವರು ಐದು ವರ್ಷ ಖಜಾಂಚಿಯಾಗಿದ್ದು, 1874ರಲ್ಲಿ ಆ ಸಂಸ್ಥಾನವನ್ನು ಬಿಟ್ಟುಹೋದರು. ಕೆಲವು ವರ್ಷಗಳ ಮೇಲೆ ರಾಜ ತನ್ನದೇ ಸಂಸ್ಥಾನದ ನ್ಯಾಯಾಲಯದಲ್ಲಿ ಅವರ ಮೇಲೆ ಹಣಕ್ಕಾಗಿ ದಾವೆ ಹೂಡಿದ. ಪ್ರತಿವಾದಿ ಹಾಜರಾಗಲಿಲ್ಲ, ಅವರು ಜೀಂದ್ ಸಂಸ್ಥಾನದ ಪ್ರಜೆ, ಅಲ್ಲಿಯೇ ಇದ್ದರು. ಏಕಪಕ್ಷೀಯವಾಗಿ ಡಿಕ್ರಿ ಆಯಿತು. ಅದನ್ನು ಹಿಡಿದುಕೊಂಡು ರಾಜ ಲಾಹೋರಿನ ಬ್ರಿಟಿಷ್ ನ್ಯಾಯಾಲಯಕ್ಕೆ ಬಂದ. ಮೊಕದ್ದಮೆ ಏರುತ್ತ ಏರುತ್ತ ಲಂಡನ್ನಿನ ಪ್ರಿವಿ ಕೌನ್ಸಿಲನ್ನು ಮುಟ್ಟಿ, 1894ರಲ್ಲಿ ತೀರ್ಪು ಬಂತು: ತನ್ನ ನೆಲದಲ್ಲಿ ಇಲ್ಲದ, ತನ್ನ ಅಧಿಕಾರಕ್ಕೆ ಒಪ್ಪಿಕೊಂಡಿರದ ಪರದೇಶಿಯ ಮೇಲೆ ಒಂದು ನ್ಯಾಯಾಲಯ ಕೊಟ್ಟ ಹಣದ ಡಿಕ್ರಿ ಬೇರೆ ದೇಶಗಳ ಕಣ್ಣಿನಲ್ಲಿ ಶೂನ್ಯ. ಒಡೆಯ ರಾಜನೇ ಆಗಿರಲಿ, ನ್ಯಾಯಾಲಯ ಅವನದೇ ಆಗಿರಲಿ, ಗಡಿ ದಾಟಿದ ಮೇಲೆ ಅದು ನಡೆಯದು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೆಯ ಕಲಮು ಪರದೇಶದ ತೀರ್ಪುಗಳಿಗೆ ಹಾಕುವ ಪರೀಕ್ಷೆಗಳಲ್ಲಿ ಇದೂ ಒಂದು.

ಸಂಸ್ಥಾನಗಳು ಹೋದ ಮೇಲಾದರೂ ಈ ತೊಡಕು ತೀರಿತೇ ಎಂದರೆ ಥಟ್ಟನೆ ತೀರಲಿಲ್ಲ. ಹೈದರಾಬಾದ್ 1948ರ ಸೆಪ್ಟೆಂಬರಿನಲ್ಲಿ ಭಾರತಕ್ಕೆ ಸೇರಿತು. ಅದೇ 1948ರಲ್ಲಿ ಗ್ವಾಲಿಯರಿನ ನ್ಯಾಯಾಲಯ ಅಲಹಾಬಾದಿನವರ ಮೇಲೆ ಏಕಪಕ್ಷೀಯವಾಗಿ ಕೊಟ್ಟಿದ್ದ ಒಂದು ಡಿಕ್ರಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಕೊಟ್ಟ ದಿನ ಅದು ಪರದೇಶದ ತೀರ್ಪಾಗಿತ್ತು, ಆಮೇಲೆ ಎರಡೂ ಊರುಗಳು ಒಂದೇ ದೇಶವಾದ ಮಾತ್ರಕ್ಕೆ ಅದಕ್ಕೆ ಜೀವ ಬಾರದು ಎಂದು 1962ರಲ್ಲಿ ಬಹುಮತದ ತೀರ್ಪಾಯಿತು. ಗಡಿ ನೆಲದ ಮೇಲಿಂದ ಅಳಿಸಿಹೋದರೂ ಕಾಗದದ ಮೇಲೆ ಉಳಿಯುತ್ತದೆ.

ಹಾಗಾದರೆ ಹುಡುಗನ ಪ್ರಶ್ನೆಗೆ ಮೊದಲ ಅರ್ಧ ಉತ್ತರ ಸಿಕ್ಕಿತು. ಬರಬೇಕಾದ ಬಾಕಿ ಆಸ್ತಿಯಾಗುವುದು ಅದನ್ನು ವಸೂಲು ಮಾಡಿಕೊಡಬಲ್ಲ ನ್ಯಾಯಸ್ಥಾನ ಎಲ್ಲಿಯಾದರೂ ಇದ್ದರೆ. ‘ಎಲ್ಲಿ’ ಎಂಬುದು ಒಂದು ಪ್ರಶ್ನೆ. ‘ಯಾರಿಂದ’ ಎಂಬುದು ಇನ್ನೊಂದು.

ಅಜ್ಜನ ವಹಿಯಲ್ಲಿ ಇದ್ದದ್ದು ಅಂಗಡಿಯ ಹೆಸರು. ಅಂಗಡಿಗೆ ಕೈಕಾಲುಗಳಿಲ್ಲ. ಆ ಅಂಗಡಿ ಇಬ್ಬರು ಪಾಲುದಾರರದು ಎಂದು ಆತ ಕೇಳಿದ್ದ. ಪಾಲುದಾರಿಕೆಯಾದರೆ 1932ರ ಕಾಯಿದೆಯಂತೆ ಪ್ರತಿಯೊಬ್ಬ ಪಾಲುದಾರನೂ ಇಡೀ ಸಾಲಕ್ಕೆ ಹೊಣೆ. ಅಂಗಡಿಯ ಗಲ್ಲೆ ಖಾಲಿಯಾಗಿದ್ದರೆ ಅವನ ಮನೆಯ ಬಾಗಿಲವರೆಗೂ ಹೋಗಬಹುದು. ಅದೇ ಅಂಗಡಿ ಕಂಪನಿಯಾಗಿದ್ದರೆ? ಆಗ ಸಾಲಗಾರ ಕಂಪನಿಯೇ ಹೊರತು ಅದರ ಷೇರುದಾರರಲ್ಲ. ತಾವು ಕೊಂಡ ಷೇರಿನ ಹಣವನ್ನು ಪೂರ್ತಿ ಸಲ್ಲಿಸಿದ್ದರೆ ಅವರ ಹೊಣೆ ಅಲ್ಲಿಗೆ ಮುಗಿಯಿತು.

ಇದನ್ನು ಸ್ಥಿರಪಡಿಸಿದ್ದು 1897ರಲ್ಲಿ ಇಂಗ್ಲೆಂಡಿನ ಪ್ರಭುಸಭೆ ತೀರಿಸಿದ ಸಾಲೊಮನ್ ಮೊಕದ್ದಮೆ ಎಂದು ಎಲ್ಲ ಪಠ್ಯಪುಸ್ತಕಗಳೂ ಹೇಳುತ್ತವೆ. ಆರನ್ ಸಾಲೊಮನ್ ಎಂಬ ಬೂಟು ತಯಾರಕ ತನ್ನ ಉದ್ಯಮವನ್ನು ಒಂದು ಕಂಪನಿಗೆ ಮಾರಿದ. ಕಂಪನಿಯ ಸದಸ್ಯರು ಏಳು ಮಂದಿ: ಆತ, ಆತನ ಹೆಂಡತಿ, ಐವರು ಮಕ್ಕಳು. ಕಂಪನಿ ಮುಳುಗಿದಾಗ ಸಾಲ ಕೊಟ್ಟವರು ಇದೆಲ್ಲ ಅವನೇ ಅಲ್ಲವೇ ಎಂದರು. ಅಲ್ಲ, ಕಾನೂನಿನ ಕಣ್ಣಿಗೆ ಅವನು ಬೇರೆ, ಅವನ ಕಂಪನಿ ಬೇರೆ ಎಂದಿತು ಪ್ರಭುಸಭೆ. ಆದರೆ ಇದಕ್ಕೆ ಹನ್ನೊಂದು ವರ್ಷ ಮುಂಚೆಯೇ, 1886ರಲ್ಲಿ, ಕಲಕತ್ತೆಯ ಉಚ್ಚ ನ್ಯಾಯಾಲಯ ಕೊಂಡೋಲಿ ಚಹಾ ಕಂಪನಿಯ ಮೊಕದ್ದಮೆಯಲ್ಲಿ ಇದೇ ಮಾತನ್ನು ಹೇಳಿತ್ತು. ನಮ್ಮ ಹುಡುಗರಿಗೆ ಬೂಟಿನ ಕಥೆ ಬಾಯಿಪಾಠ, ಚಹದ ಕಥೆ ಗೊತ್ತಿಲ್ಲ. ಕನ್ನಡ ಸಾಹಿತ್ಯದ ಇತಿಹಾಸ ಹೇಳುವಾಗಲೂ ನಾನು ಇಂಥದನ್ನು ಅನುಭವಿಸಿದ್ದೇನೆ, ಇರಲಿ.

ಇಲ್ಲಿ ವಾಣಿಜ್ಯದ ವಿದ್ಯಾರ್ಥಿಗಳು ಹೆಮ್ಮೆಪಡಬೇಕಾದ ಸಂಗತಿಯೊಂದಿದೆ. ಕಾನೂನು ಕಂಪನಿಗೆ ಪ್ರತ್ಯೇಕ ವ್ಯಕ್ತಿತ್ವವನ್ನು ಕೊಡುವುದಕ್ಕೆ ಬಹಳ ಹಿಂದೆಯೇ ವಹಿ ಬರೆಯುವವನು ಅಂಗಡಿಗೆ ಅದನ್ನು ಕೊಟ್ಟಿದ್ದ. ಮಾಲೀಕ ಹಾಕಿದ ಬಂಡವಾಳವನ್ನು ಹೊಣೆಗಳ ಕಡೆ ಏಕೆ ಬರೆಯುತ್ತೀರಿ? ಅದು ಅಂಗಡಿ ಮಾಲೀಕನಿಗೆ ಕೊಡಬೇಕಾದ ಹಣವೆಂದಲ್ಲವೇ? ಅಂಗಡಿ ಬೇರೆ, ಅಂಗಡಿಕಾರ ಬೇರೆ ಎಂಬ ಈ ಕಲ್ಪನೆ ಕವಿಕಲ್ಪನೆಗಿಂತ ಕಡಿಮೆಯದೇನಲ್ಲ. ಆದರೆ ಕವಿಯ ಕಲ್ಪನೆಯಿಂದ ಯಾರ ಮನೆಯೂ ಹರಾಜಾಗುವುದಿಲ್ಲ. ಕಂಪನಿ ಮುಳುಗಿದಾಗ ಷೇರುದಾರನ ಹೊಣೆ ಎಲ್ಲಿ ನಿಲ್ಲುತ್ತದೆಯೋ ಅದರಾಚೆಯ ನಷ್ಟ ಮಾಯವಾಗುವುದಿಲ್ಲ. ಉದ್ರಿ ಕೊಟ್ಟವನ, ಸಂಬಳ ಬಾಕಿಯಿರುವ ಕೆಲಸಗಾರನ, ಸಾಲ ಕೊಟ್ಟ ಬ್ಯಾಂಕಿನ ಮಡಿಲಿಗೆ ಬೀಳುತ್ತದೆ. ಇಂಥವರಿಗೆ ಉಳಿಯುವ ಆಸರೆ ಲೆಕ್ಕದ ಪತ್ರಗಳ ಸತ್ಯವೊಂದೇ.

ಆ ಆಸರೆ ಕುಸಿದರೆ ಏನಾಗುತ್ತದೆಂಬುದನ್ನು 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪನಿ ತೋರಿಸಿತು. ಪತ್ರಗಳಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ ಐದು ಸಾವಿರ ಕೋಟಿ ರೂಪಾಯಿಗೂ ಮಿಕ್ಕ ಹಣ ಇರಲೇ ಇಲ್ಲವೆಂದು ಅದರ ಅಧ್ಯಕ್ಷರೇ ಪತ್ರ ಬರೆದು ಒಪ್ಪಿಕೊಂಡರು. ಬರಬೇಕಾದ ಬಾಕಿಯ ಮಾತು ಹಾಗಿರಲಿ, ಕೈಯಲ್ಲಿದೆಯೆಂದ ಹಣವೇ ಸುಳ್ಳು. ಆ ಕಂಪನಿಯ ಪತ್ರಗಳು ನ್ಯೂಯಾರ್ಕಿನ ಪೇಟೆಯಲ್ಲಿಯೂ ಮಾರಾಟವಾಗುತ್ತಿದ್ದವು. ಅಲ್ಲಿನ ಹೂಡಿಕೆದಾರರು ಅಲ್ಲಿನ ನ್ಯಾಯಾಲಯದಲ್ಲಿ ಒಟ್ಟಾಗಿ ಸಾಮೂಹಿಕ ದಾವೆ ಹೂಡಿದರು. 2011ರಲ್ಲಿ ಕಂಪನಿ 12.5 ಕೋಟಿ ಡಾಲರು ಕೊಡಲು ಒಪ್ಪಿ ರಾಜಿಯಾಯಿತು. ಮುಂಬಯಿಯ ಪೇಟೆಯಲ್ಲಿ ಅದೇ ಕಂಪನಿಯ ಷೇರು ಕೊಂಡ ನಮ್ಮ ನಿವೃತ್ತ ನೌಕರನಿಗೆ ಅಂಥ ದಾವೆಯ ದಾರಿ ಆಗಿನ ಕಂಪನಿ ಕಾನೂನಿನಲ್ಲಿ ಇರಲಿಲ್ಲ. 2013ರ ಕಂಪನಿಗಳ ಕಾಯಿದೆಯ 245ನೆಯ ಕಲಮಿನಲ್ಲಿ ಅದು ಬಂತು. ಸುಳ್ಳು ಒಂದೇ, ನಷ್ಟವೂ ಒಂದೇ. ನಿಂತ ನೆಲ ಬೇರೆಯಾದ್ದರಿಂದ ಪರಿಹಾರ ಬೇರೆಯಾಯಿತು. ಅಜ್ಜನ 215 ಹಾಲಿಯ ಕಥೆಯನ್ನು ದೊಡ್ಡ ಅಕ್ಷರಗಳಲ್ಲಿ ಬರೆದಂತೆ ನನಗೆ ತೋರುತ್ತದೆ.

ಗಡಿಯಾಚೆಯ ಸಾಲದ ಅಪಾಯ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರ’ವೆಂಬ ವ್ಯಾಖ್ಯಾನ ಬರೆದ. ಕಾಡುದಾರಿಯಲ್ಲಿ ವ್ಯಾಪಾರಕ್ಕೆ ಹೋಗುವವನು ತಿಂಗಳಿಗೆ ನೂರಕ್ಕೆ ಹತ್ತು, ಕಡಲು ದಾಟುವವನು ನೂರಕ್ಕೆ ಇಪ್ಪತ್ತು ಬಡ್ಡಿ ಕೊಡಬೇಕೆಂದು ಆ ಸ್ಮೃತಿ ಹೇಳುತ್ತದೆ. ಕೇಳಿದರೆ ಎದೆ ಒಡೆಯುವ ಬಡ್ಡಿ. ಪ್ರಾಣಕ್ಕೂ ಹಣಕ್ಕೂ ಕೇಡಿನ ಶಂಕೆಯಿರುವ ಕಡೆಗೆ ಹೋಗುವವರಿವರು ಎಂಬುದು ವ್ಯಾಖ್ಯಾನಕಾರನ ವಿವರಣೆ. ಇಂದಿನ ಬ್ಯಾಂಕಿನವರು ಅಪಾಯಕ್ಕೆ ತಕ್ಕ ದರ ಎನ್ನುವುದು ಇದನ್ನೇ. ಪಾಲುಗಾರಿಕೆಯ ನಿಯಮಗಳೂ ಅದೇ ಗ್ರಂಥದಲ್ಲಿವೆ: ಕೂಡಿ ವ್ಯಾಪಾರ ಮಾಡುವವರಿಗೆ ಹಾಕಿದ ಹಣಕ್ಕೆ ತಕ್ಕಂತೆ ಅಥವಾ ಮಾತಾಡಿಕೊಂಡಂತೆ ಲಾಭನಷ್ಟ, ವಂಚಿಸಿದ ಪಾಲುಗಾರನನ್ನು ಲಾಭ ಕೊಡದೆ ಹೊರಹಾಕಬೇಕು. ಇಳಕಲ್ಲಿಗೆ ದೂರವಲ್ಲದ ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆಯ ಐನೂರ್ವರ ಸಂಘವಂತೂ ರಾಜ್ಯ ರಾಜ್ಯಗಳ ಗಡಿಗಳನ್ನು ದಾಟಿ ವ್ಯಾಪಾರ ಮಾಡಿತು. ಸುಮಾತ್ರದ ಬರುಸ್ ಬಳಿ ದೊರೆತ 1088ರ ತಮಿಳು ಶಾಸನದಲ್ಲಿಯೂ ಐನೂರ್ವರ ಹೆಸರಿದೆ. ಬಣಂಜು ಧರ್ಮವೆಂಬ ತಮ್ಮದೇ ಕಟ್ಟಳೆಯನ್ನು ಅವರು ಹೋದಲ್ಲಿಗೆಲ್ಲ ಒಯ್ದರು. ರಾಜನ ಡಿಕ್ರಿ ಗಡಿಯಲ್ಲಿ ನಿಂತರೂ ಸಂಘದ ಕಟ್ಟಳೆ ನಿಲ್ಲುತ್ತಿರಲಿಲ್ಲ.

ಇಂದು ಇಳಕಲ್ ಮತ್ತು ಕುಷ್ಟಗಿಯ ಸೀಮೆಯ ಕೆಂಪು ಗ್ರಾನೈಟ್ ಶಿಲೆ ಹಡಗು ಹತ್ತಿ ಪರದೇಶಗಳಿಗೆ ಹೋಗುತ್ತದೆ. ನಮ್ಮ ಹುಡುಗನೊಬ್ಬ ಅಂಥ ಒಂದು ವ್ಯಾಪಾರದ ಲೆಕ್ಕ ಬರೆಯಲು ಕುಳಿತನೆನ್ನಿ. ಕಲ್ಲು ಯಾವ ಗಳಿಗೆಯಲ್ಲಿ ‘ಮಾರಾಟ’ವಾಯಿತು? ಕ್ವಾರಿಯಲ್ಲಿಯೇ, ಬಂದರಿನಲ್ಲಿಯೇ, ಅತ್ತಕಡೆಯ ಗೋದಾಮಿನಲ್ಲಿಯೇ? ಪ್ಯಾರಿಸ್ಸಿನ ಅಂತರರಾಷ್ಟ್ರೀಯ ವಾಣಿಜ್ಯ ಮಂಡಲಿ 1936ರಿಂದ ‘ಇನ್‌ಕೋಟರ್ಮ್ಸ್’ ಎಂಬ ಸಂಕೇತಪದಗಳನ್ನು ಪ್ರಕಟಿಸುತ್ತ ಬಂದಿದೆ. ಅವುಗಳಲ್ಲಿ ‘ಎಫ್.ಓ.ಬಿ.’ ಎಂಬ ಮೂರಕ್ಷರ ಕರಾರಿನಲ್ಲಿದ್ದರೆ ಮಾಲು ಹಡಗಿನ ಮೇಲೆ ಇಳಿದ ಗಳಿಗೆಯಿಂದ ಕೇಡಿನ ಭಾರ ಕೊಂಡವನದು. ಹಿಂದಿನ ಆವೃತ್ತಿಗಳಲ್ಲಿ ಈ ಗಳಿಗೆಯನ್ನು ಮಾಲು ಹಡಗಿನ ಕಟಾಂಜನವನ್ನು ದಾಟಿದಾಗ ಎಂದು ಹೇಳಿದ್ದರು. ಕ್ರೇನಿನಿಂದ ತೂಗಾಡುವ ಕಲ್ಲು ಅರ್ಧ ಅತ್ತ ಅರ್ಧ ಇತ್ತ ಇರುವಾಗ ಬಿದ್ದರೆ ಯಾರದು ಎಂದು ವಾದಿಸುವವರಿಗೆ ಅದು ಸುಗ್ಗಿ. 2010ರ ಆವೃತ್ತಿಯಲ್ಲಿ ಆ ಮಾತನ್ನು ಕೈಬಿಟ್ಟರು.

ಹಣದ ಕಡೆ ಬ್ಯಾಂಕಿನ ಸಾಖಪತ್ರವಿದೆ. ಬ್ಯಾಂಕು ನೋಡುವುದು ಕಾಗದಗಳನ್ನು, ಕಲ್ಲನ್ನಲ್ಲ. ಹಡಗಿನ ರಸೀದಿಯಲ್ಲಿ ಒಂದು ಹೆಸರು ತಪ್ಪಿದ್ದರೆ ಕಲ್ಲು ಎಷ್ಟೇ ಚೆನ್ನಾಗಿದ್ದರೂ ಹಣ ನಿಲ್ಲಬಹುದು. ಕಾಗುಣಿತದ ತಪ್ಪಿಗೆ ನಾನು ಅಂಕ ಕಳೆಯುತ್ತಿದ್ದಾಗ ಮುಖ ಸಣ್ಣದು ಮಾಡಿಕೊಂಡವರು ಇದನ್ನು ಗಮನಿಸಲಿ. ಬಾಕಿ ಯೂರೋದಲ್ಲಿದ್ದರೆ ಮಾರ್ಚ್ 31ರ ದರದಲ್ಲಿ ಅದನ್ನು ರೂಪಾಯಿಗೆ ತಂದು, ಅಂತರವನ್ನು ಲಾಭನಷ್ಟಕ್ಕೆ ಒಯ್ಯಬೇಕು. ಹಾಲಿ-ಕಲ್ದಾರಿನ ಅಂಕಣಗಳೇ ಹೊಸ ಹೆಸರಿನಲ್ಲಿ ಬಂದಿವೆ. ರಿಸರ್ವ್ ಬ್ಯಾಂಕು ಗೊತ್ತುಮಾಡಿದ ಅವಧಿಯೊಳಗೆ ಹಣ ದೇಶಕ್ಕೆ ಬರಬೇಕೆಂಬುದು ಬೇರೆ.

ಕೊಂಡವನು ಕೊಡದಿದ್ದರೆ? ಪರದೇಶದ ಡಿಕ್ರಿಗಳಲ್ಲಿ ಸರಕಾರ ಪ್ರಕಟಿಸಿದ ದೇಶಗಳವನ್ನು ಮಾತ್ರ ನಮ್ಮ ನ್ಯಾಯಾಲಯಗಳು ತಮ್ಮದೇ ಡಿಕ್ರಿಯಂತೆ ನೇರವಾಗಿ ಜಾರಿಮಾಡುತ್ತವೆ. ಬ್ರಿಟನ್, ಸಿಂಗಪುರಗಳು ಆ ಪಟ್ಟಿಯಲ್ಲಿವೆ, 2020ರಲ್ಲಿ ಅರಬ್ ಎಮಿರೇಟುಗಳು ಸೇರಿದವು, ಅಮೆರಿಕ ಇಲ್ಲ. ನಮ್ಮ ಡಿಕ್ರಿ ಅಲ್ಲಿ ನಡೆಯುವುದೋ ಇಲ್ಲವೋ ಎಂಬುದು ಆಯಾ ದೇಶದ ಕಾನೂನಿಗೆ ಬಿಟ್ಟದ್ದು. ಮಾಲಿನ ಮಾರಾಟಕ್ಕೆಂದೇ ವಿಶ್ವಸಂಸ್ಥೆ 1980ರಲ್ಲಿ ರೂಪಿಸಿದ ಒಪ್ಪಂದಕ್ಕೆ ಭಾರತ ಸೇರಿಲ್ಲ. ಆದ್ದರಿಂದ ತಿಳಿದವರು ಕರಾರಿನಲ್ಲಿಯೇ ಪಂಚಾಯ್ತಿಯ ಕಲಮೊಂದನ್ನು ಬರೆದಿಡುತ್ತಾರೆ. ಪಂಚರ ತೀರ್ಪುಗಳನ್ನು ಪರಸ್ಪರ ಮನ್ನಿಸುವ 1958ರ ನ್ಯೂಯಾರ್ಕ್ ಒಪ್ಪಂದಕ್ಕೆ ಭಾರತ 1960ರಲ್ಲಿ ಸೇರಿತು; 160ಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ. ನ್ಯಾಯಾಧೀಶನ ಮಾತು ದಾಟದ ಗಡಿಯನ್ನು ಪಂಚನ ಮಾತು ದಾಟುತ್ತದೆ. ಐನೂರ್ವರು ಕೇಳಿದ್ದರೆ ನಕ್ಕಾರು.

ಇಷ್ಟರ ಮೇಲೂ ವಹಿಯ ಬರಹಕ್ಕೆ ಎಷ್ಟು ಬೆಲೆ ಎಂಬ ಪ್ರಶ್ನೆ ಉಳಿಯುತ್ತದೆ. ಕ್ರಮವಾಗಿ ಬರೆದುಕೊಂಡು ಬಂದ ವಹಿ ಸಾಕ್ಷ್ಯವೇ. ಆದರೆ ಅದೊಂದರಿಂದಲೇ ಇನ್ನೊಬ್ಬನ ಮೇಲೆ ಸಾಲ ಹೊರಿಸಲಾಗದು ಎಂದು 1872ರ ಸಾಕ್ಷ್ಯ ಕಾಯಿದೆ ಹೇಳಿತ್ತು, ಅದರ ಸ್ಥಾನಕ್ಕೆ ಬಂದ 2023ರ ಕಾಯಿದೆಯೂ ಹೇಳುತ್ತದೆ. ನನ್ನ ವಹಿಯಲ್ಲಿ ‘ಅವನು ಕೊಡಬೇಕು’ ಎಂದು ಸಾವಿರ ಸಲ ಬರೆದರೂ ಮುದ್ದತು ಬೆಳೆಯುವುದಿಲ್ಲ. ಅವನ ವಹಿಯಲ್ಲಿ, ಅವನ ರುಜುವಿನೊಡನೆ, ‘ನಾನು ಕೊಡಬೇಕು’ ಎಂದಿದ್ದರೆ ಆ ಮಾತೇ ಬೇರೆ. ಮಾಲಿನ ಬೆಲೆಯ ದಾವೆಗೆ ಮೂರು ವರ್ಷದ ಮುದ್ದತು. ಅದು ಮುಗಿಯುವ ಮುನ್ನ ಸಾಲಗಾರ ಬರಹದಲ್ಲಿ ಒಪ್ಪಿಕೊಂಡರೆ ಅಂದಿನಿಂದ ಹೊಸ ಮುದ್ದತು ಶುರುವಾಗುತ್ತದೆ. ಕಂಪನಿಯ ಅಢಾವೆ ಪತ್ರಿಕೆಯಲ್ಲಿ ತೋರಿಸಿದ ಸಾಲವೂ ಅಂಥ ಒಪ್ಪಿಗೆಯಾಗಬಹುದು, ಕೆಳಗೆ ಬರೆದ ಟಿಪ್ಪಣಿಗಳನ್ನೂ ನೋಡಿ ನಿರ್ಣಯಿಸಬೇಕು ಎಂದು ಸರ್ವೋಚ್ಚ ನ್ಯಾಯಾಲಯ 2021ರ ಏಪ್ರಿಲಿನಲ್ಲಿ ಹೇಳಿದೆ. ಅಲ್ಲಿ ಬರೆಯುವವನು ಅಂಕಿಯನ್ನಷ್ಟೇ ಬರೆಯುತ್ತಿಲ್ಲ. ತನ್ನ ಒಡೆಯನ ಪರವಾಗಿ ಮಾತು ಕೊಡುತ್ತಿದ್ದಾನೆ.

ಅಜ್ಜ ಇಳಕಲ್ಲಿಗೆ ಹೋಗಿ, ಆ ಮೂರು ವರ್ಷದೊಳಗೆ, ಒಂದು ಚೀಟಿಯ ಮೇಲೆ ರುಜು ಹಾಕಿಸಿಕೊಂಡು ಬಂದಿದ್ದರೆ ಸಾಕಾಗುತ್ತಿತ್ತು. ಬೀಗರ ಊರಿನವನಿಗೆ ರುಜು ಹಾಕೆಂದು ಕೇಳಲು ಆತನಿಗೆ ಸಂಕೋಚವಾಗಿತ್ತಂತೆ.

1956ರ ನವೆಂಬರ್ 1ರಂದು ಹನುಮಸಾಗರವೂ ಇಳಕಲ್ಲೂ ಒಂದೇ ರಾಜ್ಯಕ್ಕೆ ಸೇರಿದವು. ಗಡಿ ಹೋಯಿತು, ನಾಕೆ ಹೋಯಿತು. ಮರುವರ್ಷ ಆಣೆಗಳು ಹೋಗಿ ನಯೇಪೈಸೆ ಬಂತು. ಹಾಲಿ ಸಿಕ್ಕಾ 1959ರಲ್ಲಿ ಪೂರ್ತಿ ರದ್ದಾಯಿತು. ಆ ವರ್ಷದ ದೀಪಾವಳಿಯ ವಹಿಯನ್ನು ನಾನು ಈಚೆಗೆ ಮತ್ತೆ ತೆಗೆದು ನೋಡಿದೆ. ಇಳಕಲ್ಲಿನ ಅಂಗಡಿಯ ಹೆಸರಿನ ಮುಂದೆ ಹಳೆಯ 215 ಇಲ್ಲ. ಪುಟದ ಅಂಚಿನಲ್ಲಿ ಸೀಸದ ಕಡ್ಡಿಯಿಂದ ಆರರಿಂದ ಗುಣಿಸಿ ಏಳರಿಂದ ಭಾಗಿಸಿದ ಲೆಕ್ಕವಿದೆ. ಅದರ ಪಕ್ಕದಲ್ಲಿ, ಮಸಿಯಲ್ಲಿ, ಬರಬೇಕಾದದ್ದು ರೂ. 184, ನಯೇಪೈಸೆ 29.